ತುರ್ಕಿಯಾ ತೋರಿಸಿದ ದಂಡೆ

ಸೀದಿ ಮರ್ಜೂಗ್
14 ಅಕ್ಟೋಬರ್ 2018

ವಿಸಾಲ್, ಮಗಳೇ,

ಫೋನು ಮಾಡಿದರೆ ನಾವಿಬ್ಬರೂ "ಊಟ ಆಯ್ತಾ" ಅಂದು ಸುಮ್ಮನಾಗಿಬಿಡುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ಫಾಕ್ಸಿಗೆ ಬರುವ ವ್ಯಾನಿನ ಹಮ್ಮಾದಿಯ ಕೈಯಲ್ಲಿ ಈ ಕಾಗದ ಮತ್ತು ಒಂದು ಶೀಸೆ ಹರೀಸಾ ಕೊಟ್ಟಿದ್ದೇನೆ. ಹಾಸ್ಟೆಲಿನ ಅಡುಗೆಗೆ ಖಾರವೇ ಇರುವುದಿಲ್ಲ ಅಂದಿದ್ದೆಯಲ್ಲ.

ನಿನ್ನೆ ಊರಿಗೆ ನಾಲ್ಕು ಜನ ಬಂದಿದ್ದರು, ನಿನ್ನ ವಯಸ್ಸಿನವರು. ಒಬ್ಬ ಯಂತ್ರಗಳ ಬಗ್ಗೆ ಓದುವವನಂತೆ, ಕನ್ನಡಕದ ಹುಡುಗಿ ಚಿತ್ರ ಬರೆಯುವುದನ್ನು ಕಲಿಯುವವಳಂತೆ, ಇನ್ನೊಬ್ಬ ವ್ಯಾಪಾರ, ಇನ್ನೊಬ್ಬಳು ಸಮುದ್ರದ ಹುಳು ಹುಪ್ಪಟೆ. ಬೇರೆ ಬೇರೆ ಓದುವವರೆಲ್ಲ ಒಂದೇ ಗುಂಪಾಗಿ ನಮ್ಮ ಹತ್ತಿರ ಯಾಕೆ ಬರಬೇಕು ಅಂತ ನಾನು ಕೇಳಿದರೆ, ಜೊತೆಗಿದ್ದ ಖದ್ದೂಜ, "ಕಳ್ಳರ ಗುಂಪಲ್ಲೂ ಒಬ್ಬೊಬ್ಬನಿಗೆ ಒಂದೊಂದು ಕೆಲಸ ಇರುತ್ತೆ, ತುರ್ಕಿಯಾ" ಅಂದಳು.

ನಾವು ಕಪ್ಪೆಚಿಪ್ಪು ಹೆಕ್ಕಿ ಆಗಷ್ಟೇ ದಡಕ್ಕೆ ಬಂದಿದ್ದೆವು. ಬೂಟಿನ ಕೆಸರೂ ಒಣಗಿರಲಿಲ್ಲ. ಆ ಯಂತ್ರದ ಹುಡುಗ ನನ್ನೆದುರು ಕುಕ್ಕರಗಾಲಲ್ಲಿ ಕೂತ.

"ಬೆನ್ನು ನೋಯುತ್ತಾ ಖಾಲಾ?"

"ಇಲ್ಲ."

"ಯಾಕೆ ನೋಯಲ್ಲ?"

"ನೋಯಲ್ಲ ಅಂದ್ರೆ ನೋಯಲ್ಲ. ಅದಕ್ಕೂ ಕಾರಣ ಕೊಡ್ಬೇಕಾ?"

ಏನು ಹೇಳಿದರೂ ಯಾಕೆ ಅನ್ನುತ್ತಾನೆ. ಐದು ಸಲ ಯಾಕೆ ಅಂತ ಕೇಳಿದರೆ ನಿಜ ಹೊರಬರುತ್ತದೆ ಅಂತ ಅವರ ಮೇಷ್ಟ್ರು ಹೇಳಿಕೊಟ್ಟಿದ್ದಾರಂತೆ. ಆಮೇಲೆ, ಎಲ್ಲಿ ಹೆಕ್ಕುತ್ತೀರಿ ಅಂತ ಕೇಳಿ ನಕಾಶೆ ಹಾಸಿದರು. ನಾನು ಒಡೆದ ದೋಣಿ ಬಿದ್ದಿರುವ ಪಡುವಣ ದಂಡೆ ತೋರಿಸಿದೆ. ಅಲ್ಲಿ ನನ್ನ ತಾಯಿಯ ಕಾಲದಿಂದಲೂ ಏನೂ ಸಿಕ್ಕಿಲ್ಲ. ಖದ್ದೂಜ ಅದನ್ನೇ ತೋರಿಸಿದಳು. ಹನ್ನೊಂದು ಹೆಂಗಸರೂ ಅದನ್ನೇ ತೋರಿಸಿದರು. ಅವರು ಖುಷಿಯಾಗಿ ಕೆಂಪು ಗುಂಡುಸೂಜಿ ಚುಚ್ಚಿಕೊಂಡು ಹೋದರು.

ಬಾದಾಮಿ ಹಾಕಿ ಚಹಾ ಕೊಟ್ಟೆವು. ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಇವರನ್ನು ಕಳಿಸಿದವರು ಯಾರು ಅಂತ ಅಲ್ಲಿ ಯಾರಿಗಾದರೂ ಗೊತ್ತಿದ್ದರೆ ವಿಚಾರಿಸು.

ನಿನ್ನ ಅಮ್ಮ


ಸ್ಫಾಕ್ಸ್
19 ಅಕ್ಟೋಬರ್ 2018

ಅಮ್ಮಾ,

ಹರೀಸಾ ಬಂತು. ಕೋಣೆಯ ಹುಡುಗಿಯರು ಎರಡೇ ದಿನಕ್ಕೆ ಅರ್ಧ ಶೀಸೆ ಖಾಲಿ ಮಾಡಿದರು.

ಈಗ ಕಾಲೇಜುಗಳಲ್ಲಿ ಇಂಥ ಕಾರ್ಯಾಗಾರಗಳು ನಡೆಯುತ್ತಿರುತ್ತವೆ. ಬೇರೆ ಬೇರೆ ವಿಷಯ ಓದುವವರನ್ನು ಒಂದು ತಂಡ ಮಾಡುತ್ತಾರೆ. ಪುಸ್ತಕದ ಲೆಕ್ಕವಲ್ಲ, ಜನರ ನಿಜವಾದ ಕಷ್ಟ ಒಂದನ್ನು ಹಿಡಿದು, ಅವರ ಜೊತೆ ಕೂತು, ಪರಿಹಾರವನ್ನು ಕೈಯಾರೆ ಮಾಡಿ ತೋರಿಸಬೇಕು. ಕೆಟ್ಟ ಉದ್ದೇಶ ಏನೂ ಇರಲಾರದು. ನಿನಗೆ ಬೆನ್ನು ನೋಯುವುದು ಊರಿಗೇ ಗೊತ್ತು. ಇಲ್ಲ ಅಂತ ಯಾಕೆ ಹೇಳಿದೆ?

ಮತ್ತೆ ಬಂದರೆ ಸ್ವಲ್ಪ ಮಾತಾಡು. ಯಂತ್ರದ ಹುಡುಗನಿಗೆ ಮಾತು ಒರಟು, ಎಮ್ನಾ ಹಾಗಲ್ಲ, ಕೂತು ಕೇಳುತ್ತಾಳೆ.

ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ ಶುರುವಾಗಿದೆ. ಶನಿವಾರವೂ ರಜೆ ಇಲ್ಲ. ಊರಿಗೆ ಬರುವುದು ಯಾವಾಗಲೋ ಗೊತ್ತಿಲ್ಲ.

ವಿಸಾಲ್


ಸೀದಿ ಮರ್ಜೂಗ್
4 ನವೆಂಬರ್ 2018

ವಿಸಾಲ್,

ಕನ್ನಡಕದ ಹುಡುಗಿಯ ಹೆಸರು ಎಮ್ನಾ ಅಂತ ನಾನು ಬರೆದಿರಲಿಲ್ಲ. ನನಗೇ ಗೊತ್ತಿರಲಿಲ್ಲ. ನಿನ್ನ ಕಾಗದವನ್ನು ಮೂರು ಸಲ ಓದಿದೆ.

ನಿನ್ನೆ ಅವರು ಮತ್ತೆ ಬಂದರು. ನಾನು ಹಿಟ್ಟು ನಾದುತ್ತಿದ್ದೆ. ಆ ಹುಡುಗಿ ಬಂದು ಹತ್ತಿರ ಕೂತಳು. "ಎಮ್ನಾ ಅಂದ್ರೆ ನೀನೇನಾ?" ಅಂದೆ. "ಹೌದು, ನಿಮ್ಗೆ ಹೆಂಗೆ ಗೊತ್ತಾಯ್ತು?" ಅಂತ ನಕ್ಕಳು. ನಾನು ನಗಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಖಾಲಾ, ಮಂಜು ಬಿದ್ದ ದಿನ ನೀವೆಲ್ಲ ಏನ್ಮಾಡ್ತೀರಿ?" ಅಂತ ಕೇಳಿದಳು.

ಈ ಊರಿನಲ್ಲಿ ಯಾರೂ ನನ್ನೆದುರು ಮಂಜಿನ ಮಾತೆತ್ತುವುದಿಲ್ಲ. ಎರಡು ವರ್ಷದಿಂದ ಎತ್ತಿಲ್ಲ. ನಗರದ ಹುಡುಗಿಗೆ ಅದು ಎಲ್ಲಿಂದ ಹೊಳೆಯಿತು?

ಅವಳು ಎದ್ದು ಹೋದಾಗ ಪುಸ್ತಕದಿಂದ ಒಂದು ಹಳದಿ ಚೀಟಿ ಬಿತ್ತು, ಹಿಂದೆ ಅಂಟು ಇರುವಂಥದ್ದು. "ಮಂಜಿನಲ್ಲಿ ದಾರಿ ತಪ್ಪುವ ಹೆಂಗಸರು" ಅಂತ ಬರೆದಿತ್ತು. ಅಕ್ಷರದ ಕೆಳಗೆ ಚುಕ್ಕಿ ಇಡುವ ಕಡೆ ಸಣ್ಣ ಗೆರೆ ಎಳೆಯುವವಳು ನಮ್ಮ ಮನೆಯಲ್ಲಿ ಒಬ್ಬಳೇ. ಮೂರನೇ ತರಗತಿಯಿಂದಲೂ ಅದಕ್ಕೆ ನಿನಗೆ ಬೈಯುತ್ತಾ ಬಂದಿದ್ದೇನೆ.

ನಿನ್ನ ಅಕ್ಕನನ್ನು ಒಂದು ಚೀಟಿ ಮಾಡಿ ಗೋಡೆಗೆ ಅಂಟಿಸಿದೆಯಾ?

ತುರ್ಕಿಯಾ


ಸ್ಫಾಕ್ಸ್
8 ನವೆಂಬರ್ 2018

ಅಮ್ಮಾ,

ಹೌದು. ಆ ತಂಡದಲ್ಲಿ ನಾನೂ ಇದ್ದೇನೆ. ಐದನೆಯವಳು.

ಮೊದಲ ದಿನ ಪ್ರೊಫೆಸರ್ ಲಸಾದ್ ಎಲ್ಲರಿಗೂ ಚೀಟಿ ಕೊಟ್ಟು, "ನಿಮಗೆ ಗೊತ್ತಿರುವ ಒಂದು ನಿಜವಾದ ಕಷ್ಟ ಬರೀರಿ, ಹೆಸರು ಹಾಕ್ಬೇಡಿ" ಅಂದರು. ನಾನು ಯೋಚಿಸಲಿಲ್ಲ, ಕೈ ಬರೆಯಿತು. ಮೂವತ್ತು ಚೀಟಿಗಳಲ್ಲಿ ನಮ್ಮ ತಂಡದ ಪಾಲಿಗೆ ಅದೇ ಬಂತು. ಇದು ಯಾವ ಊರು ಅಂತ ಕೇಳಿದಾಗ ಹೇಳಿದೆ. ನನ್ನ ಊರು ಅಂತ ಹೇಳಲಿಲ್ಲ. ರೌದಾಳ ಹೆಸರು ಯಾರಿಗೂ ಹೇಳಿಲ್ಲ, ಆಣೆ ಮಾಡುತ್ತೇನೆ.

ಎರಡನೇ ವಾರಕ್ಕೆ ಅವರು ಮಂಜನ್ನು ಕೈಬಿಟ್ಟರು. "ಮಂಜು ಅಂದ್ರೆ ಹವಾಮಾನ, ಅದನ್ನ ರಿಪೇರಿ ಮಾಡೋಕಾಗಲ್ಲ. ಬೆನ್ನು ಅಂದ್ರೆ ಮೈ, ಅದಕ್ಕೆ ಏನಾದ್ರೂ ಮಾಡ್ಬಹುದು" ಅಂದ ಶಕೀಬ್. ಅದೇ ನಿನ್ನ ಯಂತ್ರದ ಹುಡುಗ. ಎಮ್ನಾ ಮಾತ್ರ ಆ ಚೀಟಿಯನ್ನು ಎತ್ತಿಟ್ಟುಕೊಂಡಿದ್ದಳು.

ಈಗ ಅವರು ಬಾಗದೆ ಚಿಪ್ಪು ಹೆಕ್ಕುವ ಗಾಡಿ ಮಾಡುತ್ತಿದ್ದಾರೆ. ಪಡುವಣ ದಂಡೆಯ ಗಟ್ಟಿ ಮರಳಿಗೆ ಸರಿಯಾದ ಚಕ್ರ. ಗೋಡೆಯ ಮೇಲೆ ಹನ್ನೊಂದು ಕೆಂಪು ಸೂಜಿ, ಎಲ್ಲವೂ ಒಡೆದ ದೋಣಿಯ ಸುತ್ತ. ನೀವು ಹೋಗುವುದು ಮೂಡಣದ ಮೆತ್ತನೆ ಕೆಸರಿಗೆ, ದಡದಿಂದ ಮುಕ್ಕಾಲು ಗಂಟೆಯ ದಾರಿ ಅಂತ ನನಗೆ ಗೊತ್ತು. ನಾನು ಪ್ರತಿ ಸಭೆಯಲ್ಲೂ ಅವರೆದುರು ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಿಜ ಹೇಳಿದರೆ ನಿನ್ನನ್ನು ಸುಳ್ಳುಗಾರ್ತಿ ಮಾಡಬೇಕು. ಹೇಳದಿದ್ದರೆ ಶಕೀಬ್ ಕೈಯೆಲ್ಲ ಗಾಯ ಮಾಡಿಕೊಂಡು ಬೆಸುಗೆ ಹಾಕುವುದನ್ನು ನೋಡಬೇಕು.

ಶನಿವಾರವೂ ವಾರ್ಡಿನ ಕೆಲಸ ಅಂತ ಬರೆದಿದ್ದು ಸುಳ್ಳು. ಆ ದಿನ ನನಗೆ ಬಿಡುವೇ ಇತ್ತು. ಊರಿಗೆ ಕಾಲಿಡಲು ಆಗಲಿಲ್ಲ.

ನಿನ್ನ ಮಗಳು
ವಿಸಾಲ್


ಸೀದಿ ಮರ್ಜೂಗ್
11 ನವೆಂಬರ್ 2018

ನೀನು ನನ್ನನ್ನು ಸುಳ್ಳುಗಾರ್ತಿ ಮಾಡಬೇಕಾಗಿಲ್ಲ. ನಾನೇ ಆಗಿದ್ದೇನೆ.

ನಿನ್ನ ಮೇಷ್ಟ್ರಿಗೆ ಚಹಾದ ಖರ್ಚು ಯಾರು ಕೊಡುತ್ತಾರೆ, ವ್ಯಾನಿನ ಬಾಡಿಗೆ ಯಾರು ಕೊಡುತ್ತಾರೆ, ಅದನ್ನು ಕೇಳು. ಬೆನ್ನಿನ ಮೇಲೆ ಅಷ್ಟು ಕನಿಕರ ಇರುವವರಿಗೆ ದಂಡೆಯ ನಕಾಶೆ ಯಾಕೆ ಬೇಕು ಅಂತಲೂ ಕೇಳು. ಐದು ಸಲ ಕೇಳು.

ತುರ್ಕಿಯಾ


ಸ್ಫಾಕ್ಸ್
30 ನವೆಂಬರ್ 2018

ಅಮ್ಮಾ,

ಎರಡು ಕಾಗದ ಬರೆದು ಹರಿದುಹಾಕಿದೆ. ಇದು ಮೂರನೆಯದು.

ನೀನು ಹೇಳಿದಂತೆ ಕೇಳಿದೆ. ಕಾರ್ಯಾಗಾರದ ಖರ್ಚು ಮತ್ತು ಬಹುಮಾನ ಕೊಡುವುದು ಒಂದು ಕಂಪನಿ. ಚಿಪ್ಪನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುವವರು. "ಅದರಲ್ಲೇನಮ್ಮ ತಪ್ಪು? ಖರೀದಿ ಮಾಡೋರಿಗೂ ಹೆಕ್ಕೋರ ಕಷ್ಟ ತಿಳೀಲಿ" ಅಂದರು ಪ್ರೊಫೆಸರ್. ಅವರ ಮುಖ ನೋಡಿದರೆ ಸುಳ್ಳು ಹೇಳುವವರಂತೆ ಕಾಣುವುದಿಲ್ಲ. ಆದರೂ ಆ ದಿನದಿಂದ ನನಗೂ ನಿನ್ನ ಕಣ್ಣು ಬಂದಂತಾಗಿದೆ. ಗೋಡೆಯ ಮೇಲಿನ ನಕಾಶೆಯ ಮುಂದೆ ಯಾರು ನಿಂತರೂ ಅನುಮಾನ.

ಬರುವ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಅವರು ಗಾಡಿ ತರುತ್ತಾರೆ. ಸಮುದ್ರದ ಇಳಿತದ ಹೊತ್ತಿಗೆ. ನಾನು ಬರುವುದಿಲ್ಲ. ಹೆದರಿಕೆ ಅಂತಲೇ ಇಟ್ಟುಕೋ.

ಒಂದು ಮಾತು ಎರಡು ವರ್ಷದಿಂದ ಒಳಗಿದೆ. ರೌದಾ ತೀರಿದ ನಲವತ್ತನೇ ದಿನದ ಕುಸ್‌ಕುಸ್ ಮಾಡಿ ಬಡವರಿಗೆ ಹಂಚಿದ ಮರುದಿನವೇ ನೀನು ಬಕೆಟ್ಟು, ಕುಡುಗೋಲು ಹಿಡಿದು ಅದೇ ಕೆಸರು ಬಯಲಿಗೆ ಹೋದೆ. ನಾನು ಬಾಗಿಲಲ್ಲಿ ನಿಂತಿದ್ದೆ. ನೀನು ತಿರುಗಿಯೂ ನೋಡಲಿಲ್ಲ. ಹೇಗೆ ಹೋದೆ ಅಮ್ಮಾ?

ವಿಸಾಲ್


ಸೀದಿ ಮರ್ಜೂಗ್
10 ಡಿಸೆಂಬರ್ 2018

ವಿಸಾಲ್, ಮಗಳೇ,

ಶನಿವಾರ ಗಾಡಿ ಬಂತು. ನಾಲ್ಕು ಚಕ್ರ, ಕೂರಲು ಹಲಗೆ, ಮುಂದೆ ಹಲ್ಲಿನ ಬಾಚಣಿಗೆಯಂಥದ್ದು. ನೋಡಲು ಚೆನ್ನಾಗಿತ್ತು, ಮದುವೆಗೆ ಸಿಂಗರಿಸಿದ ಕತ್ತೆಯ ಹಾಗೆ. ಪಡುವಣ ದಂಡೆಗೆ ಇಳಿಸಿದರು. ಚೆನ್ನಾಗಿಯೇ ಉರುಳಿತು. ಅರ್ಧ ಗಂಟೆ ಬಾಚಿದರೂ ಒಂದು ಚಿಪ್ಪೂ ಏಳಲಿಲ್ಲ. ಶಕೀಬ್ ನಮ್ಮನ್ನು ನೋಡಿದ. ನಾವು ಆಕಾಶ ನೋಡಿದೆವು.

"ಇಲ್ಲಿ ಏನೂ ಇಲ್ಲ, ಅಲ್ವಾ ಖಾಲಾ?"

ಖದ್ದೂಜಳಿಗೆ ನಗು ತಡೆಯಲಾಗಲಿಲ್ಲ. ಅವಳು ಶುರು ಮಾಡಿದ ಮೇಲೆ ಎಲ್ಲರೂ ನಕ್ಕರು. ಹುಡುಗನಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಅವನು ಗಾಡಿಯ ಮೇಲೆ ಕೂತು ತಾನೂ ನಗತೊಡಗಿದ. "ಎರಡು ತಿಂಗಳು ಬೆಸುಗೆ ಹಾಕಿದೀನಿ. ಮೊದ್ಲೇ ಬೈದು ಓಡಿಸಿದ್ರೆ ಆಗ್ತಿತ್ತು" ಅಂದ.

"ಬೈದ್ರೆ ಹೋಗ್ತಿದ್ಯಾ?" ಅಂದಳು ಖದ್ದೂಜ.

"ಇಲ್ಲ, ಯಾಕೆ ಬೈತೀರಿ ಅಂತ ಕೇಳ್ತಿದ್ದೆ."

ನಗು ನಿಂತ ಮೇಲೆ ಎಮ್ನಾ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. "ನಾವು ಇನ್ನೇನೂ ಕೇಳಲ್ಲ. ನಿಮಗೆ ಹೇಳ್ಬೇಕು ಅನ್ಸಿದ್ರೆ ಹೇಳಿ" ಅಂದಳು. ಖದ್ದೂಜ ನನ್ನ ಕಡೆ ನೋಡದೆ ಹೇಳಿದಳು: "ಬೆನ್ನು ನೋವಿಗೆ ಎಣ್ಣೆ ಇದೆ. ಮಂಜಿಗೆ ಏನೂ ಇಲ್ಲ. ಒಂದು ಹೆಣ್ಣುಮಗಳನ್ನ ಕಳಕೊಂಡಿದೀವಿ." ನಾನು ಎದ್ದು ಮನೆಗೆ ಬಂದುಬಿಟ್ಟೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಒಮ್ಮೆ ಮಾತ್ರ.

ಆ ದಿನ ಮಂಜು ಒಂದೇ ಉಸಿರಿಗೆ ಬಂತು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ರೌದಾ "ಅಮ್ಮಾ" ಅಂತ ಕೂಗಿದಳು. ನಾನು ದನಿ ಬಂದ ಕಡೆಗೇ ನಡೆದೆ. ಮಂಜಿನಲ್ಲಿ ದನಿ ತಿರುಗುತ್ತದೆ ಮಗಳೇ. ಎಡಗಡೆಯಿಂದ ಬಂದಂತಿತ್ತು, ಹೋದರೆ ಬಲಗಡೆಯಿಂದ. ನಾನು ಕೂಗಿದಂತೆಲ್ಲ ಅವಳೂ ನನ್ನ ದನಿ ಹುಡುಕಿಕೊಂಡು ಬರುತ್ತಿದ್ದಳು, ತಪ್ಪು ದಿಕ್ಕಿಗೆ. ನಾನು ಸುಮ್ಮನಿದ್ದಿದ್ದರೆ ಅವಳು ನಿಂತಲ್ಲೇ ನಿಂತಿರುತ್ತಿದ್ದಳೋ ಏನೋ. ಆಮೇಲೆ ನೀರು ಮೊಣಕಾಲಿಗೆ ಬಂತು. ಖದ್ದೂಜ ನನ್ನ ಜಡೆ ಹಿಡಿದು ಎಳೆದುಕೊಂಡು ಹೋದಳು.

ಹೇಗೆ ಹೋದೆ ಅಂತ ಕೇಳಿದೆಯಲ್ಲ. ಅವಳ ಒಂದು ಬೂಟು ಸಿಕ್ಕಿರಲಿಲ್ಲ. ಅದನ್ನು ಹುಡುಕಲು ಹೋದೆ. ಬಕೆಟ್ಟು ಹಿಡಿಯದೆ ಹೋದರೆ ಹುಚ್ಚಿ ಅನ್ನುತ್ತಿದ್ದರು.

ಅಮ್ಮ


ಸ್ಫಾಕ್ಸ್
18 ಡಿಸೆಂಬರ್ 2018

ಅಮ್ಮಾ,

ನಿನ್ನ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಅದರ ಬಗ್ಗೆ ಈಗ ಬರೆಯಲಾರೆ.

ಗಾಡಿ ಸೋತ ಮೇಲೆ ಮಿಕ್ಕ ಇಬ್ಬರು ತಂಡ ಬಿಟ್ಟರು. ಎಮ್ನಾಳಿಗೂ ಶಕೀಬನಿಗೂ ಎಲ್ಲ ಹೇಳಿದೆ. ನನ್ನ ಊರು, ನನ್ನ ಅಕ್ಕ, ನನ್ನ ಅಮ್ಮ. ಶಕೀಬ್, "ನಾನು ಅವರ ಹತ್ರ ಹೋಗಿ ಬೆನ್ನು ಯಾಕೆ ನೋಯಲ್ಲ ಅಂತ ಕೇಳಿದ್ನಲ್ಲ" ಅಂದ. ಮರುದಿನ ಗಾಡಿಯನ್ನು ಬಿಚ್ಚಿಹಾಕಿದ.

ಮಂಜಿನಲ್ಲಿ ದನಿ ತಿರುಗುತ್ತದೆ ಅನ್ನುವುದೊಂದೇ ಮಾತನ್ನು ನಿನ್ನ ಕಾಗದದಿಂದ ಅವರಿಗೆ ಹೇಳಿದೆ. ಅಲ್ಲಿಯವರೆಗೆ ಅವರು ದಡದಲ್ಲಿ ಕಹಳೆ ಇಡುವ ಮಾತಾಡುತ್ತಿದ್ದರು. ಕಣ್ಣೂ ಬೇಡ, ಕಿವಿಯೂ ಬೇಡ, ಕೈಗೆ ಗೊತ್ತಾಗುವಂಥದ್ದು ಬೇಕು ಅಂದಳು ಎಮ್ನಾ. ಹಾಗೆ ಹಗ್ಗದ ಯೋಚನೆ ಬಂತು. ದಡದಿಂದ ಬಯಲಿನವರೆಗೆ ಗೂಟ ನೆಟ್ಟು ಸೊಂಟದ ಎತ್ತರಕ್ಕೆ ಒಂದು ಹಗ್ಗ. ಮೊಳಕ್ಕೊಂದು ಜೋಡಿ ಗಂಟು, ಒಂದು ದಪ್ಪ, ಒಂದು ಸಣ್ಣ. ಕೈಗೆ ಸಣ್ಣದು ಮೊದಲು ಸಿಕ್ಕಿ ಆಮೇಲೆ ದಪ್ಪದು ಸಿಕ್ಕಿದರೆ ದಡದ ಕಡೆ ಹೋಗುತ್ತಿದ್ದೀವಿ ಅಂತ. ಕಾಲೇಜಿನ ಅಂಗಳದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದು ನೋಡಿದೆವು.

ಆದರೆ ಹಗ್ಗ ಇರಬೇಕಾದ್ದು ನೀವು ನಿಜವಾಗಿ ಹೋಗುವ ಜಾಗದಲ್ಲಿ. ಪಡುವಣ ದಂಡೆಯಲ್ಲಿ ಕಟ್ಟಿದರೆ ಯಾರನ್ನೂ ಉಳಿಸುವುದಿಲ್ಲ. ಆ ಜಾಗ ನಾನು ಹೇಳಿಲ್ಲ. ಹೇಳುವುದೂ ಬಿಡುವುದೂ ನಿಮ್ಮದು.

ವಿಸಾಲ್


ಸೀದಿ ಮರ್ಜೂಗ್
27 ಡಿಸೆಂಬರ್ 2018

ವಿಸಾಲ್,

ನೀನು ಏನು ಕೇಳುತ್ತಿದ್ದೀಯ ಅಂತ ನಿನಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಒಬ್ಬ ಬಂದಿದ್ದ, ಬಗಲಲ್ಲಿ ಪುಸ್ತಕ. ಸಮೀಕ್ಷೆ ಅಂದ. ಆಗ ನಾವು ದಡದ ಪಕ್ಕದಲ್ಲೇ ಹೆಕ್ಕುತ್ತಿದ್ದೆವು, ಕೂಗಿದರೆ ಮನೆಗೆ ಕೇಳುವಷ್ಟು ಹತ್ತಿರ. ಅವನಿಗೆ ಚಹಾ ಕೊಟ್ಟವಳು ನಾನು. ಜೊತೆಗೆ ನಡೆದು ಬೆರಳು ಮಾಡಿ ತೋರಿಸಿದವಳೂ ನಾನೇ. ಓದಿದವನು ನನ್ನ ಮಾತು ಬರೆದುಕೊಳ್ಳುತ್ತಾನಲ್ಲ ಅಂತ ಹೆಮ್ಮೆಪಟ್ಟಿದ್ದೆ. ಮುಂದಿನ ಋತುವಿಗೆ ಅಲ್ಲಿ ತಂತಿ ಬೇಲಿ ಬಂತು. ಯಾರೋ ಗುತ್ತಿಗೆ ಹಿಡಿದರಂತೆ. ನಾವು ಮೂಡಣದ ದೂರದ ಬಯಲಿಗೆ ಹೋಗಬೇಕಾಯಿತು. ಅದೇ ವರ್ಷ ರೌದಾ.

ಈಗ ಮತ್ತೆ ಬೆರಳು ತೋರಿಸು ಅನ್ನುತ್ತೀಯ.

ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಕೂತು ಜಗಳವಾಡಿದೆವು. ಅರ್ಧ ಜನ ಬೇಡ ಅಂದರು. "ಹಗ್ಗ ಹಿಡ್ಕೊಂಡು ಕಂಪನಿಯವ್ರೇ ನಡ್ಕೊಂಡು ಬರ್ತಾರೆ" ಅಂದಳು ಒಬ್ಬಳು. ಖದ್ದೂಜ ಮಾತ್ರ, "ನಂಗೂ ಒಬ್ಬಳು ಮಗಳಿದಾಳೆ" ಅಂದಳು. ಆಮೇಲೆ ಯಾರೂ ಕೂಗಾಡಲಿಲ್ಲ.

ಹಗ್ಗ ಕಳಿಸಿ. ಗಂಟು ಹಾಕುವುದನ್ನು ನಮಗೆ ಕಲಿಸಬೇಕಾಗಿಲ್ಲ. ಗೂಟ ನೆಡುವುದು ನಾವೇ. ನಿನ್ನ ಗೆಳೆಯರು ಬಯಲಿಗೆ ಬರಬಾರದು. ನಕಾಶೆ ಬರೆಯಬಾರದು, ಫೋಟೋ ತೆಗೆಯಬಾರದು. ಇದಕ್ಕೆ ಅವರು ಒಪ್ಪದಿದ್ದರೆ ಹಗ್ಗವೂ ಬೇಡ.

ಒಪ್ಪಿದರೂ ನಾನು ನಂಬಿದೆ ಅಂದುಕೊಳ್ಳಬೇಡ.

ಅಮ್ಮ


ಸ್ಫಾಕ್ಸ್
20 ಜನವರಿ 2019

ಅಮ್ಮಾ,

ಹಗ್ಗ ತಲುಪಿತು ಅಂತ ಹಮ್ಮಾದಿ ಹೇಳಿದ. ನಿನ್ನೆ ನಮ್ಮ ಕಾರ್ಯಾಗಾರ ಮುಗಿಯಿತು.

ತೀರ್ಪು ಕೊಡುವವರು ಮೂರು ಜನ. ನಡುವೆ ಕೂತಿದ್ದವರು ಕಂಪನಿಯ ವ್ಯವಸ್ಥಾಪಕರು. ಎಮ್ನಾ ಒಂದು ತುಂಡು ಹಗ್ಗವನ್ನು ಅವರ ಕೈಗೆ ಕೊಟ್ಟು ಕಣ್ಣು ಮುಚ್ಚಿಸಿ ದಡ ಯಾವ ಕಡೆ ಅಂತ ಕೇಳಿದಳು. ಸರಿಯಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರು, "ಬಹಳ ಚೆನ್ನಾಗಿದೆ. ಇದನ್ನ ಎಲ್ಲಿ ಕಟ್ತಿದೀರಿ? ಜಾಗ ತೋರಿಸಿ" ಅಂದರು.

"ಅದು ನಮಗೆ ಗೊತ್ತಿಲ್ಲ" ಅಂದ ಶಕೀಬ್.

"ಗೊತ್ತಿಲ್ಲ ಅಂದ್ರೆ? ಜಾಗ ಗೊತ್ತಿಲ್ದೆ ಪರಿಹಾರ ಹೆಂಗೆ ಮಾಡಿದ್ರಿ?"

"ಗೊತ್ತಿರೋರು ಮಾಡ್ತಾರೆ" ಅಂದೆ ನಾನು. ಪ್ರೊಫೆಸರ್ ಲಸಾದ್ ನನ್ನನ್ನೇ ನೋಡಿದರು. ನಾನು ಆ ಊರಿನವಳೇ ಅಂತ ಅವರಿಗೆ ಆಗ ಅರ್ಥವಾಯಿತು ಅನ್ನಿಸುತ್ತದೆ. ಆದರೆ ವ್ಯವಸ್ಥಾಪಕರು ಎದ್ದು ಹೋಗಿ ಗೋಡೆಯ ಮೇಲಿದ್ದ ಹಳೆಯ ನಕಾಶೆಯನ್ನು ಫೋನಿನಲ್ಲಿ ಹಿಡಿದುಕೊಂಡರು. ಹನ್ನೊಂದು ಕೆಂಪು ಸೂಜಿಗಳಿದ್ದ ಅದೇ ನಕಾಶೆ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು, ಅವರನ್ನು ತಡೆಯಲಿಲ್ಲ.

ಬಹುಮಾನ ನೀರಿನ ಬಾಟಲಿ ಮಾಡಿದ ಇನ್ನೊಂದು ತಂಡಕ್ಕೆ ಹೋಯಿತು. ನಮ್ಮದು ಅಪೂರ್ಣ ಅಂತ ಬರೆದಿದ್ದಾರೆ. ಎಮ್ನಾ ಅತ್ತಳು. ಶಕೀಬ್ ನಮಗೆ ಮೊಟ್ಟೆ ತುಂಬಿ ಕರಿದ ಬ್ರಿಕ್ ಕೊಡಿಸಿದ, ಅಂಗಿ ತುಂಬ ಹಳದಿ ಚೆಲ್ಲಿಕೊಂಡು.

ನಿನ್ನ ಅನುಮಾನ ಸರಿ ಇತ್ತು. ಅವರ ಮೇಲಿನ ಅನುಮಾನವೋ ನನ್ನ ಮೇಲಿನದೋ, ಅದನ್ನು ನೀನು ಹೇಳಬೇಕು.

ವಿಸಾಲ್


ಸೀದಿ ಮರ್ಜೂಗ್
17 ಫೆಬ್ರವರಿ 2019

ವಿಸಾಲ್, ಮಗಳೇ,

ಕಂಪನಿಯವರು ಎರಡು ಜೀಪಿನಲ್ಲಿ ಬಂದು ಪಡುವಣ ದಂಡೆಯನ್ನು ಅಗೆದು ಹೋದರು. ಮೂರು ದಿನ ಅಗೆದರು. ನಾವು ಅವರಿಗೂ ಚಹಾ ಕೊಟ್ಟೆವು. ಇನ್ನೊಮ್ಮೆ ಬಂದರೆ ಏನು ಮಾಡುವುದೋ ಗೊತ್ತಿಲ್ಲ. ಬರುತ್ತಾರೆ.

ಗುರುವಾರ ಮಂಜು ಬಿತ್ತು.

ಹನ್ನೊಂದು ಜನ ಬಯಲಿನಲ್ಲಿದ್ದೆವು. ಯಾರೂ ಕೂಗಬಾರದು ಅಂತ ಮೊದಲೇ ಮಾತಾಗಿತ್ತು. ಬಂದು ಹಗ್ಗ ಹಿಡಿದವರು ತಮ್ಮ ನಂಬರು ಮಾತ್ರ ಹೇಳಬೇಕು, ಒಮ್ಮೆ. ನಾನು ಹಗ್ಗ ಹಿಡಿದು ಎಣಿಸಿದೆ. ಲೆಕ್ಕ ಹತ್ತು ಜನಕ್ಕೆ ನಿಂತಿತು. ಖದ್ದೂಜಳ ನಂಬರು, ಒಂಬತ್ತು, ಬರಲಿಲ್ಲ.

ಅವಳು ಆಚೆ ಎಲ್ಲೋ ಕೆಮ್ಮಿದಳು. ನನ್ನ ಕಾಲು ಆ ಕಡೆಗೆ ಹೊರಟೇಬಿಟ್ಟಿತ್ತು ಮಗಳೇ. ಕೈ ಹಗ್ಗ ಬಿಡಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಒಂದು ತುದಿಯನ್ನು ಗಂಟಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು, ಬಟ್ಟೆ ಬಿಗಿಯಾಗುವವರೆಗೆ ಹೋಗಿ ಕೈ ಚಾಚಿ ನಿಂತೆ. ಎಷ್ಟು ಹೊತ್ತೋ. ಅವಳ ಬಕೆಟ್ಟು ಬಂದು ನನ್ನ ಬೆರಳಿಗೆ ತಾಗಿತು. "ಯಾರದು?" ಅಂದಳು. "ನಾನೇ, ಸುಮ್ನೆ ಬಾ" ಅಂದೆ. ಸಣ್ಣ ಗಂಟು, ದಪ್ಪ ಗಂಟು. ದಡ ಸಿಕ್ಕಾಗ ನೀರು ಪಾದಕ್ಕೆ ಬಂದಿತ್ತು.

ಮರಳಿನ ಮೇಲೆ ಕೂತ ಮೇಲೆ ಹೆಂಗಸರಿಗೆ ರೌದಾಳ ಬಗ್ಗೆ ಹೇಳಿದೆ. ಅವಳು ಎಷ್ಟು ಕೆಟ್ಟದಾಗಿ ರೊಟ್ಟಿ ಸುಡುತ್ತಿದ್ದಳು, ನಿನ್ನ ಪರೀಕ್ಷೆಯ ದಿನ ನಿನಗಿಂತ ಹೆಚ್ಚು ಹೆದರುತ್ತಿದ್ದಳು, ಅದೆಲ್ಲ. ಖದ್ದೂಜ ನಗುತ್ತಾ ಅಳುತ್ತಾ ಇದ್ದಳು. ಎರಡು ವರ್ಷದಲ್ಲಿ ರೌದಾಳ ಹೆಸರನ್ನು ನನ್ನ ಬಾಯಿಂದ ನಾನೇ ಕೇಳಿದ್ದು ಅವತ್ತೇ.

ಗೂಟಗಳು ಯಾಕೆ ಅಂತ ಪೊಲೀಸಿನವನೊಬ್ಬ ಕೇಳಿದ. ಬಟ್ಟೆ ಒಣಗಿಸಲು ಅಂದೆವು. ನಂಬಿದನೋ ಇಲ್ಲವೋ.

ನಿನ್ನ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಭರವಸೆ ಇಲ್ಲ. ಆ ಇಬ್ಬರು ಮಕ್ಕಳು ಬೇಕಾದರೆ ಊಟಕ್ಕೆ ಬರಲಿ, ಮೀನಿನ ಕುಸ್‌ಕುಸ್ ಮಾಡುತ್ತೇನೆ. ಪುಸ್ತಕ, ಫೋನು ಎಲ್ಲ ಬಾಗಿಲ ಹೊರಗೆ. ನಿನ್ನ ಮೇಲೆ ಅನುಮಾನವೋ ಅಂತ ಕೇಳಿದ್ದೀಯ. ಇತ್ತು. ಈಗ ಇದೆಯೋ ಇಲ್ಲವೋ ಅಂತ ಕಾಗದದಲ್ಲಿ ಹೇಳಲು ನನಗೆ ಬರುವುದಿಲ್ಲ. ಮಾರ್ಚ್ ಮೊದಲ ವಾರ ಇಳಿತ ದೊಡ್ಡದು. ನಿನ್ನ ಅಳತೆಯ ಬೂಟು ತೊಳೆದು ಬಾಗಿಲ ಹತ್ತಿರ ಇಟ್ಟಿದ್ದೇನೆ.

ಕಾಯುತ್ತಿರುವ
ಅಮ್ಮ